ವೇಗದ ಜಾಹೀರಾತು ಸಾಕು, ಚೇತರಿಕೆಯ ಲೆಕ್ಕ ಕೊಡಿ

ಮೊಬೈಲ್ ಜಾಲ ಚೆನ್ನಾಗಿದೆಯೇ ಎಂದು ಕೇಳಿದರೆ ನಮ್ಮಲ್ಲಿ ಎರಡೇ ಅಳತೆಗಳು ಚಾಲ್ತಿಯಲ್ಲಿವೆ: ವೇಗ ಎಷ್ಟು, ಟವರ್ ಎಷ್ಟು. ಕಂಪನಿಗಳ ಜಾಹೀರಾತು ಅದನ್ನೇ ಹೇಳುತ್ತದೆ, ಮಂತ್ರಿಗಳ ಭಾಷಣವೂ ಅದನ್ನೇ ಹೇಳುತ್ತದೆ, ಪತ್ರಿಕೆಗಳ ತಂತ್ರಜ್ಞಾನದ ಪುಟಗಳೂ ಅದನ್ನೇ ಒಪ್ಪಿಕೊಂಡು ಬರೆಯುತ್ತವೆ. ಸಂಪರ್ಕ ನಡುವೆ ಕಡಿಯುವುದು ಅಪರೂಪ, ಕಡಿದರೂ ಫೋನು ತಾನೇ ಸರಿಮಾಡಿಕೊಳ್ಳುತ್ತದೆ, ಅದು ಎಂಜಿನಿಯರುಗಳು ನೋಡಿಕೊಳ್ಳುವ ಸಣ್ಣ ವಿಷಯ ಎಂಬ ನಂಬಿಕೆಯೂ ಇದರ ಜೊತೆಗೇ ಬಂದಿದೆ. ಈ ನಂಬಿಕೆ ತಪ್ಪು. 5ಜಿಯ ಎತ್ತರದ ಕಂಪನಾಂಕಗಳಲ್ಲಿ ಸಂಪರ್ಕ ಕಡಿಯುವುದು ನಿತ್ಯದ ಸಂಗತಿ. ಕಡಿದದ್ದನ್ನು ಎಷ್ಟು ಬೇಗ ಗುರುತಿಸಿ ಎಷ್ಟು ಬೇಗ ಬೇರೆ ದಾರಿ ಹಿಡಿಯುತ್ತದೆ ಎಂಬುದರಲ್ಲೇ ಅಂಥ ಜಾಲದ ಯೋಗ್ಯತೆ ಇದೆ. ಅದನ್ನು ಅಳೆಯದೆ, ಪ್ರಕಟಿಸದೆ, ಅದಕ್ಕೊಂದು ಮಿತಿ ಹಾಕದೆ ವೇಗದ ಅಂಕಿಯನ್ನಷ್ಟೇ ಮೆರೆಸುವುದು ದುಡ್ಡು ಕೊಟ್ಟ ಗ್ರಾಹಕರಿಗೆ ಮಾಡುವ ಅನ್ಯಾಯ.

ಕಡಿಯುವುದು ಏನು ಎಂಬುದನ್ನು ಮೊದಲು ನೋಡೋಣ. ಹಳೆಯ ಜಾಲಗಳ ಟವರ್ ತನ್ನ ಶಕ್ತಿಯನ್ನು ಒಂದಿಡೀ ಬದಿಗೆ ಹರಡುತ್ತಿತ್ತು. ಆ ಹರವಿನೊಳಗೆ ಎಲ್ಲಿ ನಿಂತರೂ ಫೋನಿಗೆ ಒಂದಿಷ್ಟು ಸಿಗುತ್ತಿತ್ತು. 26 ಅಥವಾ 28 ಗಿಗಾಹರ್ಟ್ಸ್‌ನ ಮಿಲಿಮೀಟರ್ ಅಲೆಗಳಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಅಲೆಯ ಉದ್ದ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಅದಕ್ಕೆ ತಕ್ಕಂತೆ ಆಂಟೆನಾ ಪುಟ್ಟದು, ಅದು ಹಿಡಿಯುವ ಶಕ್ತಿ ಇನ್ನೂ ಪುಟ್ಟದು. ಆದ್ದರಿಂದ ಅಂಗೈಯಗಲದ ಹಲಗೆಯ ಮೇಲೆ ಹತ್ತಾರು ಆಂಟೆನಾಗಳನ್ನು ಜೋಡಿಸಿ, ಅವುಗಳ ಅಲೆಗಳೆಲ್ಲ ಒಂದೇ ದಿಕ್ಕಿನಲ್ಲಿ ಕೂಡುವಂತೆ ಮಾಡಿ, ಶಕ್ತಿಯನ್ನು ಕಿರಿದಾದ ಬೀಮ್ ಆಗಿ ಫೋನಿನತ್ತ ಕಳಿಸುತ್ತಾರೆ. ಕಂದೀಲು ಬಿಟ್ಟು ಟಾರ್ಚು ಹಿಡಿದ ಹಾಗೆ: ಬೆಳಕು ದೂರ ಹೋಗುತ್ತದೆ, ನಡುವೆ ಯಾರಾದರೂ ಅಡ್ಡ ಬಂದರೆ ಕತ್ತಲೆ. ಟವರ್ ಹೀಗೆ 64 ದಿಕ್ಕುಗಳವರೆಗೆ ಸರದಿಯಂತೆ ಬೀಮ್ ತಿರುಗಿಸುತ್ತದೆ. ಫೋನು ತನಗೆ ಚೆನ್ನಾಗಿ ಕೇಳಿಸಿದ್ದನ್ನು ಆರಿಸಿಕೊಂಡು ತನ್ನದೂ ಒಂದು ಬೀಮನ್ನು ಅತ್ತ ತಿರುಗಿಸುತ್ತದೆ. ಎರಡೂ ಕೂಡಿದರೆ ಸಂಪರ್ಕ ಉಂಟು, ಒಂದು ತಪ್ಪಿದರೂ ಇಲ್ಲ.

ಈ ಕಡಿತ ಅಪರೂಪ ಎಂಬ ಮಾತನ್ನು ಈಗ ಪರೀಕ್ಷಿಸಿ. ಮನುಷ್ಯನ ದೇಹ ಈ ಅಲೆಗಳಿಗೆ ದೊಡ್ಡ ತಡೆ. ಒಬ್ಬರು ಅಡ್ಡ ನಿಂತರೆ ಸಂಕೇತ 20 ಡೆಸಿಬಲ್‌ಗಿಂತಲೂ ಹೆಚ್ಚು ಕುಸಿಯಬಲ್ಲದು. ಅಂದರೆ ಶಕ್ತಿ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಅಡ್ಡ ಬರುವವರು ಬೇರೆಯವರೇ ಆಗಬೇಕಿಲ್ಲ, ಫೋನಿನ ಅಂಚಿನಲ್ಲಿರುವ ಆಂಟೆನಾದ ಮೇಲೆ ಬಳಸುವವರ ಬೆರಳು ಕೂತರೂ ಸಾಕು. ಫೋನನ್ನು ಕಿವಿಯಿಂದ ಇಳಿಸಿ ಪರದೆ ನೋಡಲು ಹೊರಳಿಸಿದರೆ ಅದರ ಬೀಮ್ ಬೇರೆ ಕಡೆಗೆ ತಿರುಗುತ್ತದೆ. ಬಸ್ಸು ಹಾದುಹೋಗುತ್ತದೆ, ಮರದ ಕೊಂಬೆ ತೂಗುತ್ತದೆ, ಜನ ನಡೆದಾಡುತ್ತಾರೆ. ಪೇಟೆಯ ಬೀದಿಯಲ್ಲಿ ಇವೆಲ್ಲ ಪ್ರತಿನಿಮಿಷದ ಮಾತು. ವೇಗ ಅಳೆಯುವವರು ಮಾತ್ರ ಒಂದು ಜಾಗ ಆರಿಸಿ, ನಿಂತು, ಫೋನನ್ನು ಅಲುಗಾಡಿಸದೆ ಆ್ಯಪ್ ಒತ್ತುತ್ತಾರೆ. ಹಾಗೆ ಅಳೆದವರಿಗೆ ಕಡಿತ ಅಪರೂಪವಾಗಿ ಕಂಡರೆ ಅದು ಅಳೆದ ರೀತಿಯ ದೋಷವೇ ಹೊರತು ಜಾಲದ ಗುಣವಲ್ಲ.

ಮಾನದಂಡ ಬರೆದವರಿಗೆ ಈ ಸತ್ಯ ಗೊತ್ತಿತ್ತು. 3ಜಿಪಿಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ 2018ರಲ್ಲಿ ಪೂರ್ಣಗೊಳಿಸಿದ ರಿಲೀಸ್ 15ರಲ್ಲೇ, ಅಂದರೆ 5ಜಿಯ ಮೊದಲ ಆವೃತ್ತಿಯಲ್ಲೇ, ಬೀಮ್ ವೈಫಲ್ಯವನ್ನು ಪತ್ತೆಮಾಡಿ ಚೇತರಿಸಿಕೊಳ್ಳುವ ಪ್ರತ್ಯೇಕ ವಿಧಾನವಿದೆ. ಅದು ನಾಲ್ಕು ಹೆಜ್ಜೆಗಳದ್ದು. ಮೊದಲು ಫೋನು ತಾನು ಬಳಸುತ್ತಿರುವ ಬೀಮಿನ ರೆಫರೆನ್ಸ್ ಸಿಗ್ನಲ್ಲನ್ನು ಅಳೆಯುತ್ತಿರುತ್ತದೆ: ಟವರ್ ಈಗ ಒಂದು ಆದೇಶ ಕಳಿಸಿದ್ದರೆ ಅದು ಕೆಟ್ಟು ತಲಪುವ ಸಂಭವ ಶೇ 10ನ್ನು ಮೀರುತ್ತದೆಯೇ? ಮೀರಿದರೆ ಒಂದು ವೈಫಲ್ಯ ಎಂದು ಎಣಿಕೆ. ಎಣಿಕೆ ಗೊತ್ತುಮಾಡಿದ ಮಿತಿ ಮುಟ್ಟಿದಾಗ ಬೀಮ್ ಬಿದ್ದಿದೆ ಎಂಬ ತೀರ್ಮಾನ. ಎರಡನೆಯದು, ಬದಲಿ ಬೀಮುಗಳ ಪಟ್ಟಿಯಲ್ಲಿ ಸಾಕಷ್ಟು ಬಲವಾಗಿರುವುದನ್ನು ಹುಡುಕುವುದು. ಮೂರನೆಯದು, ಆ ಬೀಮಿಗೆಂದೇ ಮೀಸಲಿಟ್ಟ ರ‍್ಯಾಂಡಮ್ ಆಕ್ಸೆಸ್ ಸಂಕೇತವನ್ನು ಟವರಿಗೆ ಕಳಿಸುವುದು. ನಾಲ್ಕನೆಯದು, ಟವರಿನ ಉತ್ತರಕ್ಕೆ ಕಾಯುವುದು. ಉತ್ತರ ಬಂದರೆ ಮಾತುಕತೆ ಮುಂದುವರಿಯುತ್ತದೆ. ಮತ್ತೆ ಮತ್ತೆ ಕಳಿಸಿದರೂ ಬಾರದಿದ್ದರೆ ರೇಡಿಯೋ ಸಂಪರ್ಕವೇ ಸತ್ತಿತೆಂದು ಲೆಕ್ಕ. ಫೋನು ಸೆಲ್ ಹುಡುಕುವುದರಿಂದ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಅಪರೂಪದ ಘಟನೆಗಾಗಿ ಯಾರೂ ಮೊದಲ ಆವೃತ್ತಿಯಲ್ಲೇ ಇಷ್ಟೊಂದು ಏರ್ಪಾಡು ಮಾಡುವುದಿಲ್ಲ.

ಇಷ್ಟೆಲ್ಲ ಇದೆಯಲ್ಲ, ಹಾಗಾದರೆ ಫೋನು ತಾನೇ ನೋಡಿಕೊಳ್ಳುತ್ತದೆ ಎಂಬುದು ಇನ್ನೊಂದು ಸಮಾಧಾನ. ಅದೂ ನಿಲ್ಲುವುದಿಲ್ಲ. ಈ ವಿಧಾನದ ಪ್ರತಿ ಹೆಜ್ಜೆಯಲ್ಲೂ ಜಾಲ ನಡೆಸುವವರು ತುಂಬಬೇಕಾದ ಅಂಕಿಗಳಿವೆ. ಎಷ್ಟು ವೈಫಲ್ಯ ಎಣಿಸಿದ ಮೇಲೆ ಬೀಮ್ ಬಿತ್ತು ಎನ್ನಬೇಕು? ಒಂದರಿಂದ ಹತ್ತರವರೆಗೆ ಅವರ ಆಯ್ಕೆ. ಎಣಿಕೆಯ ಜೊತೆಗೊಂದು ಟೈಮರ್ ಓಡುತ್ತಿರುತ್ತದೆ; ಅದು ಮುಗಿಯುವುದರೊಳಗೆ ಹೊಸ ವೈಫಲ್ಯ ಕಾಣದಿದ್ದರೆ ಎಣಿಕೆ ಸೊನ್ನೆಗೆ ಮರಳುತ್ತದೆ. ಆ ಟೈಮರಿನ ಉದ್ದವೂ ಅವರದೇ ಆಯ್ಕೆ. ಅದನ್ನು ತೀರ ಚಿಕ್ಕದಾಗಿಟ್ಟರೆ ತೂಗುವ ಎಲೆಗಳ ನಡುವೆ ಬಂದು ಹೋಗುವ ಬೀಮಿನ ಎಣಿಕೆ ಮೇಲೇರುವುದೇ ಇಲ್ಲ. ಬಳಸುವವರಿಗೆ ಸಂಪರ್ಕ ಚೂರುಚೂರಾಗುತ್ತಿರುತ್ತದೆ, ಜಾಲದ ದಾಖಲೆಯಲ್ಲಿ ಒಂದೂ ವೈಫಲ್ಯ ಇರುವುದಿಲ್ಲ.

ಇನ್ನೂ ದೊಡ್ಡ ಆಯ್ಕೆ ಯಾವ ಸಂಕೇತವನ್ನು ಅಳೆಯಬೇಕೆಂಬುದು. ಎಲ್ಲರಿಗೂ ಸಾಮಾನ್ಯವಾದ ಎಸ್‌ಎಸ್‌ಬಿ ಸಂಕೇತ 20 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ ಎಂದಿಟ್ಟುಕೊಳ್ಳಿ. ಮಿಲಿಮೀಟರ್ ಅಲೆಗಳಲ್ಲಿ ಫೋನು ತನ್ನ ಬೀಮನ್ನೂ ಎಂಟು ಸಲ ಬದಲಿಸಿ ನೋಡಬೇಕಾದೀತೆಂದು ರಿಲೀಸ್ 15 ಅವಕಾಶ ಕೊಟ್ಟಿದೆ, ಒಂದೊಂದರಲ್ಲಿ ಐದು ಮಾದರಿ. ಗುಣಿಸಿದರೆ, ಬೀಮ್ ಕೆಟ್ಟಿದೆ ಎಂದು ಮೊದಲ ಸಲ ಹೇಳುವುದಕ್ಕೇ ಫೋನು 800 ಮಿಲಿಸೆಕೆಂಡಿನವರೆಗೆ ತೆಗೆದುಕೊಂಡರೂ ಮಾನದಂಡದ ಪ್ರಕಾರ ತಪ್ಪಿಲ್ಲ. ಬದಲಿ ಬೀಮ್ ಹುಡುಕುವ ಹೊತ್ತು ಬೇರೆ. ಅದರ ಬದಲು ಆ ಬೀಮಿಗೆಂದೇ ಸಿಎಸ್‌ಐ-ಆರ್‌ಎಸ್ ಸಂಕೇತವನ್ನು 5 ಮಿಲಿಸೆಕೆಂಡಿಗೊಮ್ಮೆ ಕಳಿಸಿದರೆ ಅದೇ ತೀರ್ಮಾನ 50 ಮಿಲಿಸೆಕೆಂಡಿನಲ್ಲಿ ಸಾಧ್ಯ. ಟವರ್ ಅದೇ, ಫೋನು ಅದೇ, ಅಡ್ಡ ಬಂದ ಬಸ್ಸೂ ಅದೇ. ವ್ಯತ್ಯಾಸ ಹದಿನಾರು ಪಟ್ಟು. ಹೆಚ್ಚು ಸಂಕೇತ ಕಳಿಸುವುದಕ್ಕೆ ಬೆಲೆ ತೆರಬೇಕು ನಿಜ. ಅದಕ್ಕೆ ಬಳಸಿದ ಹೊತ್ತಿನಷ್ಟು ಡೇಟಾ ಕಡಿಮೆಯಾಗುತ್ತದೆ, ಗರಿಷ್ಠ ವೇಗದ ಅಂಕಿ ಒಂದಿಷ್ಟು ಇಳಿಯುತ್ತದೆ. ವೇಗವನ್ನಷ್ಟೇ ಗೌರವಿಸುವ ಸಮಾಜದಲ್ಲಿ ಆ ಅಂಕಿಯನ್ನು ಇಳಿಸುವ ಧೈರ್ಯ ಯಾವ ಕಂಪನಿಗೆ ಬರುತ್ತದೆ? ಚಾಲ್ತಿಯಲ್ಲಿರುವ ನೋಟ ಮಾಡುವ ನಿಜವಾದ ಹಾನಿ ಇಲ್ಲಿದೆ. ಅದು ಕಣ್ಣಿಗೆ ಕಾಣದ ಸೆಟ್ಟಿಂಗುಗಳಲ್ಲಿ ಪ್ರತಿದಿನವೂ ಚೇತರಿಕೆಯ ವಿರುದ್ಧ ತೀರ್ಪು ಕೊಡಿಸುತ್ತದೆ.

ಮಾನದಂಡದ ಮೇಲೂ ಈ ಒತ್ತಡದ ಗುರುತಿದೆ. ರಿಲೀಸ್ 15ರ ಚೇತರಿಕೆ ಮುಖ್ಯ ಸೆಲ್‌ಗಷ್ಟೇ ಇತ್ತು. ವೇಗ ಹೆಚ್ಚಿಸಲು ಪಕ್ಕದಲ್ಲಿ ಸೇರಿಸುವ ಉಪ ಸೆಲ್‌ಗಳ ಬೀಮ್ ಬಿದ್ದರೆ ಏನೆಂಬುದಕ್ಕೆ ಉತ್ತರ ಬಂದದ್ದು 2020ರ ರಿಲೀಸ್ 16ರಲ್ಲಿ. ಒಂದೇ ಫೋನಿಗೆ ಎರಡು ಜಾಗಗಳಿಂದ ಬೀಮ್ ಕೊಡುವಾಗ ಒಂದು ಮಾತ್ರ ಬಿದ್ದರೆ ಏನೆಂಬುದಕ್ಕೆ 2022ರ ರಿಲೀಸ್ 17ರಲ್ಲಿ. ವೇಗ ಕೂಡಿಸುವ ದಾರಿ ಮೊದಲು ಬಂತು, ಬಿದ್ದರೆ ಏಳುವ ದಾರಿ ವರ್ಷಗಳ ನಂತರ ಬಂತು.

ಮುಕ್ಕಾಲು ಸೆಕೆಂಡಿಗೆ ಇಷ್ಟು ರಾದ್ಧಾಂತವೇ ಎನ್ನುವವರಿದ್ದಾರೆ. ಆ ಮುಕ್ಕಾಲು ಸೆಕೆಂಡಿನಲ್ಲಿ ಆಗುವುದೇನೆಂದು ನೋಡಬೇಕು. ಫೋನಿನ ಮಾತನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕಳಿಸುತ್ತಾರೆ. 800 ಮಿಲಿಸೆಕೆಂಡ್ ಎಂದರೆ ಅಂಥ 40 ತುಣುಕು, ಎರಡು ಮೂರು ಪದ. ‘ಔಷಧ ಕೊಡಬೇಡಿ’ ಎಂಬ ಮಾತಿನಲ್ಲಿ ಕೊನೆಯ ಪದ ಹೋದರೆ ಉಳಿಯುವ ಅರ್ಥ ಏನು? ಡೇಟಾದ ಕತೆ ಇನ್ನೂ ಕಷ್ಟದ್ದು. ಇಂಟರ್‌ನೆಟ್ಟಿನ ಬೆನ್ನೆಲುಬಾದ ಟಿಸಿಪಿ ನಿಯಮಾವಳಿಗೆ ಬೀಮ್ ಎಂಬುದು ಗೊತ್ತೇ ಇಲ್ಲ. ಉತ್ತರ ಬಾರದಿದ್ದರೆ ಅದು ದಾರಿಯಲ್ಲಿ ದಟ್ಟಣೆ ಇದೆಯೆಂದು ತಿಳಿದು ಕಳಿಸುವ ಪ್ರಮಾಣವನ್ನು ಒಂದೇ ಪ್ಯಾಕೆಟ್ಟಿನ ಮಟ್ಟಕ್ಕೆ ಇಳಿಸಿಬಿಡುತ್ತದೆ, ಆಮೇಲೆ ನಿಧಾನವಾಗಿ ಏರಿಸುತ್ತದೆ. ರೇಡಿಯೋ ಚೇತರಿಸಿಕೊಂಡ ಮೇಲೂ ಮೇಲಿನ ಪದರ ತಡವರಿಸುತ್ತಲೇ ಇರುತ್ತದೆ. ಗಿಗಾಬಿಟ್ ವೇಗದ ಸಂಪರ್ಕದಲ್ಲೂ ಡೌನ್‌ಲೋಡ್ ಥಟ್ಟನೆ ಕುಂಟುವುದಕ್ಕೆ ಇದೊಂದು ಕಾರಣ. ಕಾರ್ಖಾನೆಯ ರೋಬೊ, ದೂರದಿಂದ ನಡೆಸುವ ಯಂತ್ರ, ಆಂಬುಲೆನ್ಸಿನಿಂದ ಆಸ್ಪತ್ರೆಗೆ ಹೋಗುವ ಚಿತ್ರ: 5ಜಿಯ ಹೆಸರಿನಲ್ಲಿ ನಮಗೆ ತೋರಿಸಿದ ಕನಸುಗಳೆಲ್ಲ ಇವೇ. ಇವುಗಳಲ್ಲಿ ಯಾವುದಕ್ಕೂ ಸರಾಸರಿ ವೇಗ ಆಸರೆಯಾಗುವುದಿಲ್ಲ.

ಇನ್ನು ಕೆಲವರು ಎಲ್ಲ ತಪ್ಪನ್ನೂ ಭೌತವಿಜ್ಞಾನದ ಮೇಲೆ ಹೊರಿಸುತ್ತಾರೆ. ಮಿಲಿಮೀಟರ್ ಅಲೆ ದೂರ ಹೋಗದು, ಮಳೆಗೆ ತಾಳದು, ಆದ್ದರಿಂದ ಅದು ಸೋತಿತು ಎಂಬುದು ಅವರ ವಾದ. ಅದಕ್ಕೆ ಸಾಕ್ಷಿಯಾಗಿ ದಕ್ಷಿಣ ಕೊರಿಯಾವನ್ನು ತೋರಿಸುತ್ತಾರೆ. ಅಲ್ಲಿ 28 ಗಿಗಾಹರ್ಟ್ಸ್ ಪಡೆದ ಮೂರು ಕಂಪನಿಗಳಲ್ಲಿ ಎರಡರ ಪರವಾನಗಿಯನ್ನು 2022ರ ಕೊನೆಯಲ್ಲಿ, ಮೂರನೆಯದರದ್ದನ್ನು 2023ರಲ್ಲಿ ಸರ್ಕಾರ ಹಿಂತೆಗೆದುಕೊಂಡದ್ದು ನಿಜ. ಕಾರಣ ಏನಿತ್ತು? ಒಂದೊಂದು ಕಂಪನಿ 2021ರ ಕೊನೆಗೆ 15,000 ಉಪಕರಣ ನಿಲ್ಲಿಸಬೇಕೆಂಬ ಷರತ್ತಿತ್ತು, ಅದರ ಹತ್ತಿರಕ್ಕೂ ಅವು ಹೋಗಲಿಲ್ಲ. ಕಟ್ಟದ ಜಾಲ ಭೌತವಿಜ್ಞಾನದಿಂದ ಸೋತಿತು ಎನ್ನಲಾಗದು. ಅದೇ 2023ರ ಮೇ ತಿಂಗಳಲ್ಲಿ ಅಲ್ಲಿನ ವ್ಯಾಪಾರ ಆಯೋಗ 5ಜಿ ವೇಗವನ್ನು ಉಬ್ಬಿಸಿ ಜಾಹೀರಾತು ಮಾಡಿದ್ದಕ್ಕೆ ಮೂರೂ ಕಂಪನಿಗಳಿಗೆ ಸೇರಿಸಿ 3,360 ಕೋಟಿ ವಾನ್ ದಂಡ ಹಾಕಿತು. ಜಾಹೀರಾತಿನಲ್ಲಿದ್ದದ್ದು ಸೆಕೆಂಡಿಗೆ 20 ಗಿಗಾಬಿಟ್ ಎಂಬ ಕಾಗದದ ಮೇಲಿನ ಅಂಕಿ. ಕಂಪನಿಗಳು ವೇಗ ಮಾರಿದವು, ಸರ್ಕಾರ ಉಪಕರಣ ಎಣಿಸಿತು. ನಡೆದಾಡುವ ಮನುಷ್ಯನ ಕೈಯಲ್ಲಿ ಸಂಪರ್ಕ ನಿಲ್ಲುತ್ತದೆಯೇ ಎಂಬುದು ಇಬ್ಬರ ಲೆಕ್ಕದಲ್ಲೂ ಇರಲಿಲ್ಲ. ಕೊರಿಯಾ ಕಲಿಸುವ ಪಾಠ ಇದು.

ಮಳೆಯ ಮೇಲಿನ ಆರೋಪವೂ ಅಳತೆಗೆ ನಿಲ್ಲದು. ಈ ಬೀಮುಗಳು ಸಾಮಾನ್ಯವಾಗಿ ಕೆಲಸ ಮಾಡುವುದು ಇನ್ನೂರು ಮೀಟರ್ ಸುತ್ತಮುತ್ತ. ಅಷ್ಟು ದೂರದಲ್ಲಿ ಗಂಟೆಗೆ 25 ಮಿಲಿಮೀಟರಿನ ಜೋರು ಮಳೆ ಕಸಿಯುವುದು ಒಂದೆರಡು ಡೆಸಿಬಲ್. ನ್ಯೂಯಾರ್ಕ್ ನಗರದಲ್ಲಿ ಥಿಯೊಡರ್ ರ‍್ಯಾಪಪೋರ್ಟ್ ಮತ್ತು ಅವರ ತಂಡ 28 ಗಿಗಾಹರ್ಟ್ಸ್‌ನಲ್ಲಿ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಬಂಧ ತೋರಿಸಿದ್ದು ಇನ್ನೂ ಮಹತ್ವದ ಸಂಗತಿ: ಟವರ್ ನೇರವಾಗಿ ಕಾಣದ ಜಾಗಗಳಿಗೂ ಕಟ್ಟಡಗಳಿಗೆ ಬಡಿದು ಪ್ರತಿಫಲಿಸಿ ಬರುವ ದಾರಿಗಳಿಂದ ಸಂಕೇತ ಸಿಗುತ್ತದೆ. ಅಂದರೆ ಒಂದು ದಾರಿ ಮುಚ್ಚಿದಾಗ ಎಷ್ಟೋ ಸಲ ಇನ್ನೊಂದು ದಾರಿ ಇದ್ದೇ ಇರುತ್ತದೆ. ಅದನ್ನು ಹೊತ್ತು ಮೀರುವ ಮೊದಲು ಹುಡುಕುವುದೇ ಚೇತರಿಕೆಯ ಕೆಲಸ. ನಿಸರ್ಗ ಕೊಟ್ಟ ದಾರಿಯನ್ನು ಹುಡುಕುವ ಏರ್ಪಾಡು ಮಾಡದೆ ನಿಸರ್ಗವನ್ನೇ ದೂರುವುದು ನ್ಯಾಯವಲ್ಲ.

ಈಚೆಗೆ ಕೇಳಿಬರುತ್ತಿರುವ ಹೊಸ ಭರವಸೆ ಕೃತಕ ಬುದ್ಧಿಮತ್ತೆಯದು. ಬೀಮ್ ಬೀಳುವುದನ್ನು ಅದು ಮೊದಲೇ ಊಹಿಸುತ್ತದೆ, ಚೇತರಿಕೆಯ ಚಿಂತೆಯೇ ಬೇಡ ಎನ್ನುತ್ತಾರೆ. ರಿಲೀಸ್ 18ರಲ್ಲಿ 3ಜಿಪಿಪಿ ಬೀಮ್ ನಿರ್ವಹಣೆಗೆ ಈ ತಂತ್ರವನ್ನು ಅಧ್ಯಯನ ಮಾಡಿದೆ, ಅದರಿಂದ ಪ್ರಯೋಜನವೂ ಇದೆ. ದಿನವೂ ಅದೇ ರಸ್ತೆಯಲ್ಲಿ ಅದೇ ತಿರುವು ಪಡೆಯುವ ವಾಹನದ ಮುಂದಿನ ಬೀಮ್ ಯಾವುದೆಂದು ಊಹಿಸಬಹುದು. ಪಕ್ಕದವರು ಥಟ್ಟನೆ ಎದ್ದು ನಿಲ್ಲುವುದನ್ನು ಊಹಿಸಲಾಗದು. ಊಹೆ ಚೆನ್ನಾಗಿದ್ದಷ್ಟೂ ಬೀಳುವ ಸಲಗಳು ಕಡಿಮೆಯಾಗುತ್ತವೆ. ಆದರೆ ಊಹೆ ತಪ್ಪಿದ ಸಲ ಏಳುವುದಕ್ಕೆ ಎಷ್ಟು ಹೊತ್ತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಊಹೆ ಸರಿಹೋಗುತ್ತಿದೆಯೇ ಎಂದು ತಿಳಿಯುವುದಕ್ಕೂ ಬಿದ್ದದ್ದರ ಲೆಕ್ಕವೇ ಬೇಕು.

ಆ ಲೆಕ್ಕ ನಮ್ಮ ಕಾನೂನಿನಲ್ಲಿ ಇದೆಯೇ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರಲ್ಲಿ ಸೇವೆಯ ಗುಣಮಟ್ಟಕ್ಕೆ ಹೊಸ ನಿಯಮಾವಳಿ ತಂದಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಎಲ್ಲೆಲ್ಲಿ ಯಾವ ಸೇವೆ ಸಿಗುತ್ತದೆ ಎಂಬ ನಕ್ಷೆಯನ್ನು ಕಂಪನಿಗಳು ಪ್ರಕಟಿಸಬೇಕೆಂಬುದು ಅದರ ಒಳ್ಳೆಯ ಅಂಶ. ನಡುವೆ ಕಡಿದ ಕರೆಗಳು ಶೇ 2ನ್ನು ಮೀರಬಾರದು. ಜಿಲ್ಲೆಯೊಂದರಲ್ಲಿ ಸೇವೆ ನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ ವರದಿ ಮಾಡಬೇಕು. ಲೇಟೆನ್ಸಿಗೆ, ಅಂದರೆ ಉತ್ತರ ಬರುವ ತಡಕ್ಕೆ, ಮತ್ತು ಪ್ಯಾಕೆಟ್ ನಷ್ಟಕ್ಕೆ ಮಿತಿಗಳಿವೆ, ಆದರೆ ಅವು ಸರಾಸರಿಗಳು. ನಾಲ್ಕು ಗಂಟೆಯ ಮೌನ ಈ ಕಾನೂನಿಗೆ ಕಾಣುತ್ತದೆ, ಮುಕ್ಕಾಲು ಸೆಕೆಂಡಿನ ಮೌನ ಕಾಣುವುದಿಲ್ಲ. ಹತ್ತು ಸಲ ಮಾತು ನುಂಗಿ ಹನ್ನೊಂದನೆಯ ಸಲವೂ ಬದುಕಿಕೊಂಡ ಕರೆ ಅದರ ಪಾಲಿಗೆ ಕಡಿಯದ ಕರೆ, ಯಶಸ್ಸಿನ ಪಟ್ಟಿಗೆ ಸೇರುವ ಕರೆ.

ಅಳೆಯುವುದು ಕಷ್ಟ ಎಂಬ ನೆಪಕ್ಕೂ ಎಡೆಯಿಲ್ಲ. ಚೇತರಿಕೆಗೆಂದು ಮೀಸಲಿಟ್ಟ ಸಂಕೇತ ಬಂದ ಕೂಡಲೇ ಯಾವ ಬೀಮ್ ಬಿತ್ತು, ಯಾವುದಕ್ಕೆ ಬದಲಾಯಿತು ಎಂಬುದು ಟವರಿಗೆ ತಿಳಿಯುತ್ತದೆ. ಸಂಪರ್ಕ ಪೂರ್ತಿ ಸತ್ತಾಗ ಫೋನು ಆಮೇಲೆ ಒಪ್ಪಿಸುವ ವರದಿಯಲ್ಲಿ ‘ಬೀಮ್ ಚೇತರಿಕೆ ವಿಫಲ’ ಎಂಬ ಕಾರಣಕ್ಕೇ ರಿಲೀಸ್ 16 ಒಂದು ಜಾಗ ಕೊಟ್ಟಿದೆ. ಲೆಕ್ಕದ ಪುಸ್ತಕ ಈಗಾಗಲೇ ಇದೆ, ಸಾರ್ವಜನಿಕರ ಮುಂದೆ ತೆರೆಯಬೇಕಷ್ಟೆ. ಯಾರ ಹೆಸರೂ ಯಾರ ಜಾಗವೂ ಅದರಲ್ಲಿ ಬೇಕಿಲ್ಲ, ಪ್ರದೇಶವಾರು ಮೊತ್ತ ಸಾಕು.

ಒಂದು ಗಟ್ಟಿ ಆಕ್ಷೇಪವನ್ನು ಮಾತ್ರ ಎದುರಿಸಲೇಬೇಕು. ವೈಫಲ್ಯಗಳ ಸಂಖ್ಯೆಗೆ ದಂಡ ಹಾಕಿದರೆ ಕಂಪನಿಗಳು ಎಣಿಕೆಯ ಮಿತಿಯನ್ನು ಹತ್ತಕ್ಕೆ ಏರಿಸಿ ವೈಫಲ್ಯವನ್ನೇ ಮರೆಮಾಡುವುದಿಲ್ಲವೇ? ಮಾಡುತ್ತವೆ. ಅದಕ್ಕಾಗಿಯೇ ಫೋನು ಘೋಷಿಸಿದ ವೈಫಲ್ಯಗಳ ಸಂಖ್ಯೆಯೊಂದನ್ನೇ ಹಿಡಿದು ಕೂರಬಾರದು. ಕೇಳಬೇಕಾದ ಅಂಕಿಗಳು ಮೂರು. ಒಂದು, ಡೇಟಾ ಹರಿಯುತ್ತಿದ್ದಾಗ ಕೊನೆಯ ಪ್ಯಾಕೆಟ್ ತಲಪಿದ್ದಕ್ಕೂ ಮುಂದಿನದು ತಲಪಿದ್ದಕ್ಕೂ ನಡುವಿನ ಮೌನದ ಅವಧಿ. ಅದನ್ನು ಸರಾಸರಿಯಲ್ಲಿ ಕರಗಿಸದೆ, ನೂರರಲ್ಲಿ ಅತಿ ಕೆಟ್ಟ ಒಂದು ಸಲ ಎಷ್ಟಿತ್ತು ಎಂದೇ ಹೇಳಬೇಕು. ಎರಡು, ಸಂಪರ್ಕದಲ್ಲಿದ್ದ ಪ್ರತಿ ಗಂಟೆಗೆ ಅಂಥ ಮೌನಗಳು ಎಷ್ಟು. ಮೂರು, ಬಿದ್ದ ಬೀಮುಗಳಲ್ಲಿ ಎಷ್ಟು ಚೇತರಿಸಿಕೊಂಡವು, ಎಷ್ಟು ಪೂರ್ತಿ ಸತ್ತವು. ಮೊದಲ ಅಂಕಿಯನ್ನು ಯಾವ ಸೆಟ್ಟಿಂಗೂ ಮುಚ್ಚಿಡಲಾರದು, ಏಕೆಂದರೆ ಗ್ರಾಹಕರು ಅನುಭವಿಸುವುದು ಅದನ್ನೇ.

ಭಾರತದ 5ಜಿ ಬಹುಪಾಲು ನಡೆಯುವುದು 3.3 ಗಿಗಾಹರ್ಟ್ಸ್ ಸುತ್ತಮುತ್ತ. ಅಲ್ಲಿ ಬೀಮುಗಳು ಅಗಲ, ಬೀಳುವುದೂ ಕಡಿಮೆ. ಹಾಗಿದ್ದರೆ ಈಗಲೇ ಈ ಮಾತೇಕೆ? 2022ರ ಹರಾಜಿನಲ್ಲಿ ಜಿಯೊ ಮತ್ತು ಏರ್‌ಟೆಲ್ ಎಲ್ಲ 22 ದೂರಸಂಪರ್ಕ ವೃತ್ತಗಳಲ್ಲೂ 26 ಗಿಗಾಹರ್ಟ್ಸ್ ಕೊಂಡಿವೆ. ಬಳಕೆ ಹಬ್ಬುವ ಮೊದಲೇ ಅಳತೆ ಗೊತ್ತಾದರೆ ಜಾಲವನ್ನು ಅದಕ್ಕೆ ತಕ್ಕಂತೆ ಕಟ್ಟುತ್ತಾರೆ. ಕಟ್ಟಿಯಾದ ಮೇಲೆ ಅಳತೆ ತಂದರೆ ವಿನಾಯಿತಿಯ ಅರ್ಜಿಗಳು ಬರುತ್ತವೆ. ಭಾರತ 6ಜಿ ವಿಷನ್ 2023ರ ಮಾರ್ಚ್‌ನಲ್ಲಿ ಹೊರಬಂತು. 6ಜಿಗಾಗಿ ಚರ್ಚೆಯಲ್ಲಿರುವ ಕಂಪನಾಂಕಗಳಲ್ಲಿ ಕೆಲವು ಇನ್ನೂ ಎತ್ತರದವು, ಅವುಗಳ ಬೀಮುಗಳು ಇನ್ನೂ ಕಿರಿದು. ಅಲ್ಲೂ ಗಿಗಾಬಿಟ್‌ಗಳ ಪೈಪೋಟಿಯೇ ಮುಂದೆ ನಿಂತರೆ ಇದೇ ತಪ್ಪು ದೊಡ್ಡದಾಗಿ ಮರುಕಳಿಸುತ್ತದೆ.

ಈ ಮಾತು ಕರ್ನಾಟಕಕ್ಕೆ ಹತ್ತಿರದ್ದು. ನೋಕಿಯಾ, ಸ್ಯಾಮ್‌ಸಂಗ್, ಕ್ವಾಲ್‌ಕಾಮ್ ಕಂಪನಿಗಳ ಸಂಶೋಧನಾ ಕೇಂದ್ರಗಳು ಬೆಂಗಳೂರಿನಲ್ಲಿವೆ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲಕ್ಕೆ ರೇಡಿಯೋ ಒದಗಿಸಿದ ತೇಜಸ್ ನೆಟ್‌ವರ್ಕ್ಸ್ ಹುಟ್ಟಿದ್ದು ಇಲ್ಲೇ. ದೇಶದ 5ಜಿ ಪರೀಕ್ಷಾ ವೇದಿಕೆ ಕಟ್ಟಿದ ಸಂಸ್ಥೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಚೇತರಿಕೆಯನ್ನು ಚುರುಕುಗೊಳಿಸುವ ವಿದ್ಯೆ ಬಲ್ಲವರು ನಮ್ಮ ನಡುವೆಯೇ ಇದ್ದಾರೆ. ಅವರ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಸಿಗದಿರುವುದಕ್ಕೆ ಕಾರಣ ಒಂದೇ: ಅದನ್ನು ತೋರಿಸುವ ಅಂಕಿ ಎಲ್ಲೂ ಅಚ್ಚಾಗುವುದಿಲ್ಲ. ಟ್ರಾಯ್ ತನ್ನ ಮುಂದಿನ ತಿದ್ದುಪಡಿಯಲ್ಲಿ ಆ ಮೂರು ಅಂಕಿಗಳನ್ನು ಕಡ್ಡಾಯ ಮಾಡಲಿ, 26 ಗಿಗಾಹರ್ಟ್ಸ್ ಸೇವೆ ಮಾರುವ ಪ್ರತಿ ಕಂಪನಿಯೂ ವೇಗದ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಮೌನದ ಅವಧಿಯನ್ನೂ ಅಚ್ಚು ಹಾಕಲಿ. ಅದನ್ನು ಹೇಳಲೊಪ್ಪದ ಕಂಪನಿಗೆ ವೇಗದ ಜಾಹೀರಾತು ಕೊಡುವ ಹಕ್ಕೂ ಇರಬಾರದು.